ಹಟ್ಟಿಯ ಕೂಗಿಗೆ ನಾನು ಎದ್ದು ನಿಂತ ಬಗ್ಗೆ

ನನ್ನ ಹೆಸರು ಪಾಲಣ್ಣ, ತಂದೆ ದಿವಂಗತ ಜುಂಜಪ್ಪ, ವಯಸ್ಸು 56 ವರ್ಷ, ಕಸುಬು ಕುರಿ ಸಾಕಣೆ ಮತ್ತು ಬೇಸಾಯ, ವಾಸ ಗೊಲ್ಲರಹಟ್ಟಿ, ಜವನಗೊಂಡನಹಳ್ಳಿ ಹೋಬಳಿ, ಹಿರಿಯೂರು ತಾಲ್ಲೂಕು. ಚಿತ್ರದುರ್ಗದ ಆಸ್ಪತ್ರೆಯ ಕಣ್ಣಿನ ವಾರ್ಡಿನಲ್ಲಿ ನನ್ನ ಹಾಸಿಗೆಯ ಪಕ್ಕ ಕುಳಿತು ಹೆಡ್ ಕಾನ್‌ಸ್ಟೇಬಲ್ ಏಕಾಂತಪ್ಪ ಅವರು ಕೇಳಿದ್ದಕ್ಕೆ, ಎಚ್ಚರದಲ್ಲಿದ್ದು, ಯಾರ ಒತ್ತಾಯವೂ ಇಲ್ಲದೆ ಹೇಳಿ ಬರೆಸುವುದೇನೆಂದರೆ:

ನನ್ನ ಮಗಳು ಕೀರ್ತನಾ, ವಯಸ್ಸು 22, ಬಿಲ್ಲೆ ಹೊಡೆಯುವ ಆಟಗಾರ್ತಿ. ಯಂತ್ರ ಎಸೆದ ಮಣ್ಣಿನ ಬಿಲ್ಲೆಯನ್ನು ಅದು ಗಾಳಿಯಲ್ಲಿರುವಾಗಲೇ ಕೋವಿಯಿಂದ ಒಡೆಯುವ ಆಟ ಅದು. ಆಡುವವರು ಕೂಗಬೇಕು, ಆ ದನಿ ಕೇಳಿ ಯಂತ್ರ ಬಿಲ್ಲೆ ಬಿಡುತ್ತದೆ. ಹಲವು ದೇಶಗಳವರು ಸೇರಿ ನಡೆಸುವ ದೊಡ್ಡ ಕ್ರೀಡಾಕೂಟಕ್ಕೆ ಆಯ್ಕೆಯಾಗಿದ್ದಾಳೆ. ಈ ತಿಂಗಳ 20ಕ್ಕೆ ಹೊರಡಬೇಕು. ಕೋವಿಯ ಲೈಸೆನ್ಸ್ ಅವಳ ಹೆಸರಿನಲ್ಲಿದ್ದು ಚಾಲ್ತಿಯಲ್ಲಿದೆ. ಅವಳು ಅಭ್ಯಾಸ ಮಾಡುವುದು ಆದಿವಾಲದ ಹತ್ತಿರ, ಕೋಚ್ ಪ್ರಭು ಅವರು ಅನುಮತಿ ಪಡೆದು ಮಾಡಿರುವ ಮೈದಾನದಲ್ಲಿ.

ಒಡೆಯದೆ ಬಿದ್ದ ಬಿಲ್ಲೆಗಳನ್ನು ನಾನು ಆರಿಸಿಕೊಡುತ್ತೇನೆ. ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಮಗಳ ಆಟ ನೋಡುವ ಜಾತಿಯವನಲ್ಲ ನಾನು. ಗುಂಡು ನಿಲ್ಲಿಸಿದ ಗುರುತಿಗೆ ಕೆಂಪು ಬಾವುಟ ಏರಿಸಿದಾಗ ಮಾತ್ರ ಬಯಲಿಗೆ ಇಳಿಯಬೇಕು, ಬಾವುಟ ಇಳಿಸಿದಾಗ ಎದೆಮಟ್ಟದ ಮಣ್ಣಿನ ದಿಬ್ಬದ ಹಿಂದೆ ಕೂರಬೇಕು, ಮತ್ತೆ ಬಾವುಟ ಏರುವವರೆಗೆ ತಲೆ ಎತ್ತಬಾರದು. ಇದನ್ನು ಪ್ರಭು ಅವರು ನನಗೆ ಸಾಕು ಸಾಕೆನ್ನುವಷ್ಟು ಸಲ ಹೇಳಿದ್ದಾರೆ. ಅವರದು ಏನೂ ತಪ್ಪಿಲ್ಲ.

ದಿನಾಂಕ 4ರ ರಾತ್ರಿ ಊಟಕ್ಕೆ ಕುಳಿತಾಗ, ಎಲ್ಲರಂತೆ ತಾನೂ ಇಂಗ್ಲಿಷಿನಲ್ಲಿ 'ಪುಲ್' ಎಂದು ಕೂಗುವುದಾಗಿಯೂ, ಭಯವಾದಾಗ ದನಿ ಒಳಗೇ ಉಳಿದು ಯಂತ್ರ ತಡವಾಗಿ ಬಿಲ್ಲೆ ಬಿಡುವುದಾಗಿಯೂ ಕೀರ್ತನಾ ಹೇಳಿದಳು. ಅದಕ್ಕೆ ನಾನು, "ಆ ಪುಲ್ಲು ಗಿಲ್ಲು ನಿನ್ ಗಂಟ್ಲಿಗೆ ಒಗ್ಗಲ್ಲ ಕಣವ್ವ. ಗುಡ್ಡದ ಮ್ಯಾಲಿಂದ ಹಟ್ಟಿಯೋರ್ನ ಕೂಗ್ತಿದ್ದಲ್ಲ, ಹಂಗೆ ಕೂಗು. ಮಿಷನ್ನಿಗೆ ಯಾವ ಭಾಷೆ ಆದ್ರೇನು?" ಎಂದೆ. ನನ್ನ ಹೆಂಡತಿ ಜಯಕ್ಕ ನಕ್ಕಳು. ಮಗಳು ಉಂಡು ಎದ್ದಳು.

ಆ ಕೂಗಿನ ಬಗ್ಗೆ ಏಕಾಂತಪ್ಪ ಅವರು ಕೇಳಿದ್ದರಿಂದ ಹೇಳುತ್ತೇನೆ. ನಮ್ಮ ಹಟ್ಟಿಯವರು ಕುರಿ ಹೊಡೆದುಕೊಂಡು ಗುಡ್ಡದಲ್ಲಿ ಚದುರಿರುತ್ತಾರೆ. ಹೊತ್ತು ಇಳಿಯುವಾಗ ಒಬ್ಬರು ಎತ್ತರದಲ್ಲಿ ನಿಂತು "ಹೋ…ಓಯ್" ಎಂದು ಒಂದೇ ಉಸಿರಿಗೆ ಕೂಗುತ್ತಾರೆ. ಕೇಳಿದವರು ಇದ್ದಲ್ಲೇ ಎದ್ದು ಕೈ ಎತ್ತಬೇಕು. ಯಾರಿಗೂ ಹಾವು ಕಚ್ಚಿಲ್ಲ, ಯಾರೂ ಬಿದ್ದಿಲ್ಲ ಎಂದು ಕೂಗಿದವರಿಗೆ ಗೊತ್ತಾಗಬೇಕಲ್ಲ. ಬುತ್ತಿ ಬಿಚ್ಚಿದ್ದರೂ ಸರಿ, ಕಣ್ಣು ಹತ್ತಿದ್ದರೂ ಸರಿ, ಮೊದಲು ಏಳುವುದು, ಆಮೇಲೆ ಏನೆಂದು ಕೇಳುವುದು. ಕೇಳಿಯೂ ಕುಳಿತವನನ್ನು ಹಟ್ಟಿಯಲ್ಲಿ ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ನಡೆಯಲು ಕಲಿತಾಗಿನಿಂದ ನಾನು ಹಾಗೆ ಎದ್ದಿದ್ದೇನೆ. ಅದು ಯೋಚನೆ ಮಾಡಿ ಮಾಡುವ ಕೆಲಸವಲ್ಲ.

ದಿನಾಂಕ 5ರಂದು ಬೆಳಿಗ್ಗೆ 8 ಗಂಟೆ 10 ನಿಮಿಷಕ್ಕೆ ಬಾವುಟ ಇಳಿಯಿತು. ನಾನು ಮಗಳಿಂದ ಸುಮಾರು 70 ಮೀಟರ್ ದೂರದಲ್ಲಿ, ಬಲಗಡೆ, ದಿಬ್ಬದ ಹಿಂದೆ ಕುಳಿತೆ. ಅವಳು ಕೆಲವು ಸಲ 'ಪುಲ್' ಎಂದದ್ದು ಕೇಳಿಸಿತು. ಅಷ್ಟರಲ್ಲಿ "ಹೋ…ಓಯ್" ಎಂದು ಕೇಳಿತು.

ನಾನು ಎದ್ದು ಕೈ ಎತ್ತಿದೆ.

ಬಿಲ್ಲೆ ತಗ್ಗಿನಲ್ಲಿ ನನ್ನ ಕಡೆಗೇ ಹಾರಿ ಬಂದಿತ್ತು. ಕೋವಿಯ ಸದ್ದಾಯಿತು. ಕಾದ ಮರಳನ್ನು ಮುಖಕ್ಕೆ ಎರಚಿದಂತಾಯಿತು. ಆದರೂ ನಾನು ಕೂರಲಿಲ್ಲ. ಕೂಗಿದವರು ನಮ್ಮನ್ನು ನೋಡಿದರೆಂದು ಖಾತ್ರಿಯಾಗುವವರೆಗೆ ಕೈ ಇಳಿಸುವ ಅಭ್ಯಾಸ ನಮ್ಮಲ್ಲಿಲ್ಲ. ಅವಳು ನೋಡಿದಳು. ಆ ಗಳಿಗೆಯಲ್ಲೂ ಕೋವಿಯನ್ನು ನಡುವೆ ಮಡಚಿ ತೆರೆದು, ಉಳಿದ ತೋಟೆ ತೆಗೆದು, ಕೋವಿಯನ್ನು ಕೆಳಗಿಟ್ಟು ಆಮೇಲೆ ಓಡಿ ಬಂದಳು. ಅಷ್ಟು ನೇಮ ಕಲಿತ ಹುಡುಗಿಯನ್ನು ಎಚ್ಚರಗೇಡಿ ಎನ್ನುವವರ ಬಾಯಿಗೆ ಮಣ್ಣು ಹಾಕಬೇಕು.

ಕೆನ್ನೆಗೆ ಹೊಕ್ಕಿದ್ದ ಚರೆಗಳನ್ನು, ಅಂದರೆ ತೋಟೆಯೊಳಗಿನ ಸೀಸದ ಕಾಳುಗಳನ್ನು, ಡಾಕ್ಟರು ತೆಗೆದಿದ್ದಾರೆ. ಎಡಗಣ್ಣಿನ ದೃಷ್ಟಿ ತಿರುಗಿ ಬರುವುದಿಲ್ಲವೆಂದು ಹೇಳಿದ್ದಾರೆ. ಕೇಳಿ ನನಗೆ ಅಳು ಬಂತು. ಬರಲಿಲ್ಲವೆಂದು ಬರೆಸಿದರೆ ಸುಳ್ಳಾಗುತ್ತದೆ.

ನನ್ನ ದಾಯಾದಿ ಓಬಣ್ಣ ಠಾಣೆಗೆ ಫೋನ್ ಮಾಡಿ, ಜಮೀನಿನ ಜಗಳದಲ್ಲಿ ಮಗಳೇ ಅಪ್ಪನಿಗೆ ಗುಂಡು ಹೊಡೆದಳೆಂದು ಹೇಳಿರುವುದಾಗಿ ತಿಳಿಯಿತು. ನಮ್ಮಲ್ಲಿ ಅಂಥ ಜಗಳ ಇಲ್ಲ. ಓಬಣ್ಣನಿಗೆ ನನ್ನ ಕಣ್ಣಿನ ಚಿಂತೆ ಎಂದೂ ಇರಲಿಲ್ಲ, ಅವನಿಗಿರುವುದು ಹೊಟ್ಟೆಯ ಉರಿ. ಕೇಸಾದರೆ ಲೈಸೆನ್ಸ್ ನಿಲ್ಲುತ್ತದೆ, ಮಗಳ ಪ್ರಯಾಣವೂ ನಿಲ್ಲುತ್ತದೆ. ಅದಕ್ಕಿಂತ ನನ್ನನ್ನು ಸುಡುವ ಮಾತೆಂದರೆ, ಅವಳು ನಿನ್ನೆಯಿಂದ ವಾರ್ಡಿನ ಹೊರಗೆ ನೆಲಕ್ಕೆ ಕುಳಿತವಳು ಎದ್ದಿಲ್ಲ. ಅವಳಮ್ಮ ಕರೆದರೂ ಊಟಕ್ಕೆ ಏಳಲಿಲ್ಲ. ಇನ್ನು ಕೋವಿ ಮುಟ್ಟುವುದಿಲ್ಲ, ತನ್ನ ಬದಲು ಬೇರೆಯವರನ್ನು ಕಳಿಸಿ ಎಂದು ಪ್ರಭು ಅವರಿಗೆ ಹೇಳಿದ್ದಾಳೆ.

ಗುಂಡು ಹಾರುವ ಜಾಗವೆಂದು ತಿಳಿದೂ ಐವತ್ತು ದಾಟಿದ ಮನುಷ್ಯ ಒಂದು ಕೂಗಿಗೆ ಎದ್ದು ನಿಂತನೆಂದರೆ ಮೇಲಿನವರು ನಂಬುತ್ತಾರೆಯೇ ಎಂದು ಏಕಾಂತಪ್ಪ ಅವರು ಕೇಳಿದರು. ಬಾಗಿಲು ತೆರೆದಿಡಲು ಹೇಳಿ, ಹಾಸಿಗೆಯಲ್ಲೇ ಕುಳಿತು, ಉಸಿರಿದ್ದಷ್ಟು "ಹೋ…ಓಯ್" ಎಂದು ಕೂಗಿದೆ. ನರ್ಸಮ್ಮ ಓಡಿ ಬಂದು ಬೈದರು.

ಹೊರಗೆ ಕೀರ್ತನಾ ಎದ್ದು ನಿಂತಿದ್ದಳು. ಬಲಗೈ ಮೇಲೆತ್ತಿದ್ದಳು. ಏಕಾಂತಪ್ಪ ಅವರು ಬಾಗಿಲಿನಿಂದ ಕಣ್ಣಾರೆ ನೋಡಿದ್ದಾರೆ; ಅದನ್ನೂ ಬರೆದುಕೊಳ್ಳಿ ಎಂದು ಹೇಳಿದ್ದೇನೆ. ತನ್ನ ಕೈ ಮೇಲಿರುವುದು ಅರಿವಾದ ಮೇಲೆ ಅವಳು ಜೋರಾಗಿ ಅತ್ತಳು. ನಾನು, "ನೀನೂ ಎದ್ದೆ ನೋಡವ್ವ. ಈಗ ಹೇಳು, ತಪ್ಪು ಯಾರ್ದು ಐತೆ? ಹೋಗು, ಒಂದೀಟು ಉಣ್ಣು" ಎಂದೆ. ಜಯಕ್ಕ ಅವಳನ್ನು ಕೈಹಿಡಿದು ಕರೆದುಕೊಂಡು ಹೋದಳು.

ನನ್ನ ಮಗಳ ಮೇಲಾಗಲಿ, ಪ್ರಭು ಅವರ ಮೇಲಾಗಲಿ ನನ್ನದು ಯಾವ ದೂರೂ ಇಲ್ಲ. ಅವಳು 20ಕ್ಕೆ ಹೊರಡಬೇಕು. ಅಲ್ಲಿಯೂ ಅದೇ ಕೂಗು ಕೂಗಬೇಕೆಂದು ನನ್ನ ಆಸೆ. ಆ ದೂರದ ಊರಿನಲ್ಲಿ ಅದಕ್ಕೆ ಎದ್ದು ನಿಲ್ಲುವವರು ಯಾರೂ ಇರುವುದಿಲ್ಲ, ಧೈರ್ಯವಾಗಿ ಕೂಗಲಿ. ಇಲ್ಲಿ ಟಿ.ವಿ. ಮುಂದೆ ನಾನು ಏಳುತ್ತೇನೆ.

ಎಡಗಣ್ಣಿಗೆ ಪಟ್ಟಿ ಇದ್ದು ಅಕ್ಷರ ಸರಿಯಾಗಿ ಕಾಣದಿರುವುದರಿಂದ ಇದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದ್ದೇ ಇದರಲ್ಲಿದೆ, ಕೂಡಿಸಿದ್ದಿಲ್ಲ, ಬಿಟ್ಟದ್ದಿಲ್ಲ, ಇದೇ ನಿಜ.

ಸ್ಥಳ: ಚಿತ್ರದುರ್ಗ
ದಿನಾಂಕ: 06-08-2026

ಸಹಿ: ಪಾಲಣ್ಣ