ಬರೆದವರಿಗೆ ಎತ್ತಿಟ್ಟ ಬಂಗುಡೆ

ಮಣಿಪಾಲದ ಬಸ್ಸಿನಲ್ಲಿ, ಕಾಲೇಜಿಗೆ ಹೊರಟಿದ್ದ ವನೆಸ್ಸಾಳ ಮುಂದಿನ ಸೀಟಿನಲ್ಲಿ ಮೀನು ಮಾರುವ ಇಬ್ಬರು ಹೆಂಗಸರು ಕೂತಿದ್ದರು. ಅವರ ಮಾತು ಕಿವಿಗೆ ಬಿದ್ದದ್ದೇ ಅವಳು ಇಯರ್‌ಫೋನ್ ತೆಗೆದಿಟ್ಟಳು.

"ಜಲಜಕ್ಕ, ಬಂದರಿನ ಆಫೀಸಿಗೆ ಎಂತಕ್ಕೆ ಹೋದದ್ದು?" ಕಿರಿಯವಳು ಕೇಳಿದಳು.

"ಗಾಳಿ ಉಂಟು, ಕಡಲಿಗೆ ಇಳಿಯಬೇಡಿ ಅಂತ ಮೊನ್ನೆ ತುಳುವಿನಲ್ಲಿ ಮೆಸೇಜ್ ಬಂತಲ್ಲ. ಅದನ್ನು ಓದಿಯೇ ನಮ್ಮ ಮನೆಯವರು ಹೋಗದೆ ಉಳಿದದ್ದು. ಸಂಜೆ ಎಂಥ ಗಾಳಿ ಬಂತು, ನೀನೇ ನೋಡಿದ್ದಿ. ಬರೆದವರಿಗೆ ಅಂತ ನಾಲ್ಕು ಬಂಗುಡೆ ಎತ್ತಿಟ್ಟಿದ್ದೆ, ಅದನ್ನು ಕೊಡಲಿಕ್ಕೆ ಹೋದದ್ದು."

"ಯಾರಂತೆ ಬರೆದದ್ದು?"

"ಯಾರೂ ಅಲ್ಲ ಮಾರಾಯ್ತಿ. ಗಾಳಿ ಎಷ್ಟು ಅಂತ ಹಾಕಿದರೆ ಕಂಪ್ಯೂಟರೇ ಬರೆಯುವುದಂತೆ. ನಮ್ಮ ಬೋಟಿನ ಒಡಿಶಾದವನಿಗೆ ಅವನ ಭಾಷೆಯಲ್ಲೇ ಬಂದಿತ್ತು."

"ಮನುಷ್ಯರಿಲ್ಲದೆ ತುಳುವಾ?"

"ನಮ್ಮ ಅತ್ತೆ ಅಂಗಳದಲ್ಲಿ ನಿಂತು ಹೇಳಿದ ಹಾಗೇ ಉಂಟು."

ಕಿರಿಯವಳು ಜಲಜಕ್ಕನ ಕಾಲ ಬಳಿಯ ಬುಟ್ಟಿಯತ್ತ ನೋಡಿದಳು.

"ಹಾಗಾದರೆ ಮೀನು ವಾಪಸ್ ತಂದ್ರಾ?"

"ಒಬ್ಬರಿಗೆಂದು ಎತ್ತಿಟ್ಟದ್ದನ್ನು ಮನೆಗೆ ತರುವುದುಂಟಾ? ಕಂಪ್ಯೂಟರಿನ ಎದುರೇ ಇಟ್ಟು ಬಂದೆ."

"ಅದು ತಿನ್ನುತ್ತದಾ ಜಲಜಕ್ಕ?"

ಕಡಿಯಾಳಿ ಸ್ಟಾಪ್ ಬಂತು. ಜಲಜಕ್ಕ ಖಾಲಿ ಬುಟ್ಟಿ ಎತ್ತಿಕೊಂಡು ಎದ್ದರು.

"ಅಷ್ಟು ಚಂದ ತುಳು ಬರುವವರು ಮೀನು ಬೇಡ ಅನ್ನುತ್ತಾರಾ?" ಎನ್ನುತ್ತಾ ಇಳಿದುಹೋದರು.