ಕುಬಸಕ್ಕೆ ಬಂದ ಹಲ್ಲಿನ ಡಾಕ್ಟರಬಾಯಿ

ಈ ಸಂಜೆ ಇಲ್ಲಿ ಕೂಡಿರುವ ಹಿರಿಯರೇ, ತಾಯಂದಿರೇ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯಿಂದ ಬಸ್ಸು ಹಿಡಿದು ಬಂದಿರುವ ಅಕ್ಕತಂಗಿಯರೇ — ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ ಶ್ರೀಪಾದರಾಯರೇ, ನಿಮ್ಮ ಮನೆಯವರು ನಮಗೆಲ್ಲ ಡಾಕ್ಟರಬಾಯಿ ಆಗಿದ್ದರು. ನಿಮ್ಮ ದುಃಖದಲ್ಲಿ ಒಂದು ಪಾಲು ನಮ್ಮದೂ ಹೌದು.

ನಾನು ಯಮುನಾ. ಕನ್ನಡ ಬಿ.ಎ. ಮುಗಿಸಿ ಅವರ ದವಾಖಾನೆಗೆ ಸೇರಿದವಳು. ಚೀಟಿ ಕೊಡುವುದು, ಸಲಕರಣೆ ಕುದಿಸಿಡುವುದು ನನ್ನ ಕೆಲಸ. ಸಭೆಯಲ್ಲಿ ಮಾತಾಡಿ ರೂಢಿಯಿಲ್ಲ. ಡಾಕ್ಟರ್ ವಿಮಲಾಬಾಯಿಯವರು ಎಷ್ಟು ದೊಡ್ಡವರೆಂದು ನನಗಿಂತ ಮೊದಲು ಮಾತಾಡಿದವರು ಹೇಳಿದ್ದಾರೆ. ನಾನು ಒಂದೇ ಒಂದು ಹಲ್ಲಿನ ಸಂಗತಿ ಹೇಳುತ್ತೇನೆ. ನಗು ಬಂದರೆ ನಗಬೇಕು — ಅವರಿದ್ದರೆ ಮೊದಲು ಅವರೇ ನಗುತ್ತಿದ್ದರು.

ಬಸುರಿಯರು ನಮ್ಮ ದವಾಖಾನೆಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಒಸಡಿನಿಂದ ರಕ್ತ ಬಂದರೂ ಇಲ್ಲ, ದವಡೆ ಬಾತರೂ ಇಲ್ಲ. 'ಕೂಸಿಗೊಂದು ಹಲ್ಲು ಹೋಗೂದ' ಎಂದು ಸುಮ್ಮನಿರುತ್ತಿದ್ದರು. ಡಾಕ್ಟರಬಾಯಿ ಏನು ಮಾಡಿದರು? ಅವರು ಬರದಿದ್ದರೆ ನಾವೇ ಹೋಗೋಣ ಎಂದರು. ಎಲ್ಲಿಗೆ? — ಕುಬಸಕ್ಕೆ! ಕುಬಸದಲ್ಲಿ ಮುತ್ತೈದೆಯರು ಸಾಲಾಗಿ ಬಂದು ಬಸುರಿಯ ಬಾಯಿಗೆ ತುತ್ತು ಇಡುತ್ತಾರಲ್ಲ, ಆ ಸಾಲಿನಲ್ಲಿ ಇವರೂ ನಿಲ್ಲುತ್ತಿದ್ದರು. ಕೈಯಲ್ಲಿ ಹೋಳಿಗೆ, ಸೆರಗಿನ ಮರೆಯಲ್ಲಿ ಸಣ್ಣ ಬ್ಯಾಟರಿ. ಬಸುರಿ ಬಾಯಿ ತೆರೆಯುವುದೇ ತಡ — ಹೋಳಿಗೆಗಿಂತ ಮೊದಲು ಬೆಳಕು ಒಳಗೆ ಹೋಗುತ್ತಿತ್ತು.

ಆರೇಳು ವರ್ಷದ ಹಿಂದೆ, ಎಪ್ಪತ್ತೊಂಬತ್ತರಲ್ಲಿ ಡಂಬಳದ ತಿಪ್ಪವ್ವನ ಕುಬಸ. ಐದು ತಿಂಗಳು. ಹಸಿರು ಸೀರೆ, ತಲೆ ತುಂಬ ಹೂವು. ಹೋಳಿಗೆ ಇಟ್ಟರೆ ಒಂದೇ ಕಡೆ ಅಗಿಯುತ್ತಾಳೆ, ಕಣ್ಣಲ್ಲಿ ನೀರು. ಡಾಕ್ಟರಬಾಯಿ ಬೆಳಕು ಬಿಟ್ಟು ಹಾಗೇ ಬಗ್ಗಿ ನಿಂತರು. ಹಿಂದಿನಿಂದ ಒಬ್ಬಾಕೆ ಕೂಗಿದಳು:

"ಡಾಕ್ಟರಬಾಯಾರ, ಕೂಸು ಅಲ್ಲಿಲ್ರೀ, ಕೆಳಗೈತಿ!"

ಮನೆಯೆಲ್ಲ ನಗು. ಇವರು ತಲೆ ಎತ್ತದೆಯೇ ಹೇಳಿದರು: "ಗೊತ್ತದವಾ. ಆದ್ರ ಆ ಕೂಸಿಗೆ ಊಟ ಹೋಗೋದು ಈ ಬಾಗಿಲದಿಂದನ."

ಹಿಂದಿನ ದವಡೆ ಹಲ್ಲು ಹುಳುಕಾಗಿ ಕೀವು ಕಟ್ಟಿತ್ತು. ಹದಿನೈದು ದಿನದಿಂದ ಹುಡುಗಿ ಗಂಜಿಯ ಮೇಲೇ ಇದ್ದಳು. ಕೀಳಬೇಕು ಎಂದ ಕೂಡಲೇ ಅತ್ತೆ ಹನಮಂತವ್ವ ನಡುವೆ ಬಂದು ನಿಂತರು.

"ಬಸುರಿ ಬಾಯಾಗ ಇಕ್ಕಳ ಹಾಕ್ತೀರೇನು? ಹಾಕಗೊಡೂದಿಲ್ರಿ. ನನಗ ಐದು ಕೂಸು, ಐದು ಹಲ್ಲು ಹೋಗ್ಯಾವು. ಬರೋಬ್ಬರಿ ಐತಿ."

"ನಿಮ್ಮ ಅತ್ತಿಯವರಿಗೆ ಎಷ್ಟು ಮಕ್ಕಳು?"

"ಹನ್ನೊಂದು."

"ಹಲ್ಲು?"

"ಒಂದೂ ಇಲ್ಲ!"

"ಹಂಗಾರ ಲೆಕ್ಕ ಎಲ್ಲಿ ಬರೋಬ್ಬರಿ ಆತು? ಉಳಿದ ಹಲ್ಲು ಯಾವ ಕೂಸು ಒಯ್ತು?"

ಮತ್ತೆ ನಗು. ಆದರೆ ಹನಮಂತವ್ವ ನಗಲಿಲ್ಲ. ದನಿ ತಗ್ಗಿಸಿ ಹೇಳಿದರು — "ಮೊದಲಿನದು ನಾಕು ತಿಂಗಳಕ್ಕ ಹೋತ್ರಿ. ಇದೊಂದು ಉಳೀಲಿ."

ಆಗ ಡಾಕ್ಟರಬಾಯಿಯೂ ನಗು ನಿಲ್ಲಿಸಿದರು. ಹನಮಂತವ್ವನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. "ಅಕ್ಕಾ, ಉಳೀಲಿ ಅಂತನ ಹೇಳ್ತೀನಿ. ಕೀವು ಒಂದ ಕಡೆ ನಿಲ್ಲೂದಿಲ್ಲ. ತಾಯಿ ಉಣ್ಣದಿದ್ರ ಕೂಸು ಏನು ಉಣ್ತದ? ಈ ತಿಂಗಳದಾಗ ಕಿತ್ತರ ಅಂಜಿಕಿ ಕಡಿಮಿ. ಬಿಟ್ಟರ ಅಂಜಿಕಿ ಭಾಳ."

ಹನಮಂತವ್ವ ಎದ್ದು ಹೋಗಿ ಸೊಸೆಯ ಪಕ್ಕದಲ್ಲಿ ಕುಳಿತರು. ನಾವು ಹೊರಟು ಬಂದೆವು.

ಮೂರನೆಯ ದಿನ ಅತ್ತೆ ಸೊಸೆ ಇಬ್ಬರೂ ಗದಗಿನಲ್ಲಿ ಬಸ್ಸಿಳಿದು ದವಾಖಾನೆಗೆ ಬಂದರು. ತಿಪ್ಪವ್ವ ಬಾಗಿಲಲ್ಲೇ ನಿಂತಳು. ಹನಮಂತವ್ವ ನೇರ ಒಳಗೆ ಹೋಗಿ ಕುರ್ಚಿಯಲ್ಲಿ ಕುಳಿತುಬಿಟ್ಟರು!

"ಮೊದಲ ನಂದು ಕೀಳ್ರಿ. ನನಗ ಏನೂ ಆಗದಿದ್ರ ಆಕೀದು ಕೀಳಾಕ ಬಿಡ್ತೀನಿ."

"ನಿಮ್ಮದು ಯಾವ ಹಲ್ಲು ನೋಯ್ತದ?"

"ಯಾವುದಾರ ಕೀಳ್ರಿ!"

"ಗಟ್ಟಿ ಹಲ್ಲಿಗೆ ನಾ ಕೈ ಹಚ್ಚೂದಿಲ್ಲ ನೋಡ್ರಿ."

ಹುಡುಕಿದರೆ ಹಿಂದೆ ಒಂದು ಅಲುಗಾಡುತ್ತಿತ್ತು. ಹನಮಂತವ್ವನ ಪುಣ್ಯ. ಜೋಮು ಹಿಡಿಸುವ ಸೂಜಿ ಕೊಟ್ಟು ಕಿತ್ತರು. ಅವರು ಹತ್ತಿ ಕಚ್ಚಿಕೊಂಡು ಎದ್ದರು, ಬೀದಿಯ ತನಕ ನಡೆದು ಹೋದರು, ವಾಪಸ್ಸು ಬಂದರು. ತಮ್ಮ ಕೈಕಾಲು ಒಮ್ಮೆ ಮುಟ್ಟಿ ನೋಡಿಕೊಂಡರು. ಬಾಯಲ್ಲಿ ಹತ್ತಿ, ಮಾತಾಡುವಂತಿಲ್ಲ. ಸೊಸೆಗೆ ಕೈಮಾಡಿ ಕುರ್ಚಿ ತೋರಿಸಿದರು — ಕೂಡು!

ತಿಪ್ಪವ್ವನ ಹಲ್ಲು ಕಿತ್ತು ಬಂತು. ಹನಮಂತವ್ವ ಅವಳ ತಲೆಯನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡು ನಿಂತಿದ್ದರು. ಸಂಜೆಯ ಬಸ್ಸಿಗೆ ಅವರನ್ನು ಹತ್ತಿಸಿ ಬಂದ ಮೇಲೆ ಡಾಕ್ಟರಬಾಯಿ ಅದೇ ಕುರ್ಚಿಯಲ್ಲಿ ಕುಸಿದು ಕುಳಿತರು. "ಯಮುನಾ, ಇನ್ನ ಯಾ ಕಾರಣಕ್ಕ ಆ ಕೂಸಿಗೆ ಏನಾದ್ರೂ ಆದ್ರೂ ಅಪವಾದ ಈ ಹಲ್ಲಿಗೇ ಬರ್ತದ. ಆಮ್ಯಾಲ ಒಬ್ಬ ಬಸುರಿನೂ ಇಲ್ಲಿಗೆ ಬರೂದಿಲ್ಲ." ಅವರಿಗೂ ಅಂಜಿಕೆಯಾಗುತ್ತದೆ ಎಂದು ನಾನು ಅಂದೇ ತಿಳಿದದ್ದು. ಮುಂದೆ ಡಂಬಳದ ಕಡೆಯವರು ಯಾರೇ ಬರಲಿ, ಬಾಯಿ ನೋಡುವ ಮೊದಲು ಕೇಳುತ್ತಿದ್ದರು: "ತಿಪ್ಪವ್ವ ಉಣ್ಣಾಕತ್ತಾಳೇನು?" ರೊಟ್ಟಿ ಉಣ್ಣುತ್ತಾಳಂತೆ ಎಂದರೆ ಅಂದು ದವಾಖಾನೆಯಲ್ಲಿ ಎಲ್ಲರಿಗೂ ಚಹಾ.

ನಾಲ್ಕು ತಿಂಗಳ ಮೇಲೆ ಒಂದು ಮಧ್ಯಾಹ್ನ ಹನಮಂತವ್ವ ಬಂದರು. ಕುಳಿತಿದ್ದವರನ್ನೆಲ್ಲ ದಾಟಿ ಒಳಗೆ ನುಗ್ಗಿದರು. "ಹೆಣ್ಣು ಹುಟ್ಟೇತ್ರಿ! ಅಳೂದು ಕೇಳಿದ್ರ ನಾಕು ಓಣಿ ಏಳ್ತಾವು!" ಡಾಕ್ಟರಬಾಯಿ ಅರ್ಧ ಹಲ್ಲು ತುಂಬಿಸಿಕೊಂಡಿದ್ದ ರೋಗಿಯನ್ನು ಹಾಗೇ ಬಿಟ್ಟು ಅವರನ್ನು ತಬ್ಬಿಕೊಂಡರು. ಪಾಪ, ಆ ಮನುಷ್ಯ ಬಾಯಿ ತೆರೆದುಕೊಂಡೇ ಕುಳಿತಿದ್ದ.

ಆ ಮಗು ಫಕೀರವ್ವ. ಆರು ತುಂಬಿದೆ. ಅಗೋ — ಅಜ್ಜಿಯ ಪಕ್ಕದಲ್ಲಿ ಕುಳಿತಿದ್ದಾಳೆ.

ಮೊನ್ನೆ ಅವಳ ಮೊದಲ ಹಾಲುಹಲ್ಲು ಬಿತ್ತಂತೆ. ನಮ್ಮಲ್ಲಿ ಸಗಣಿಯಲ್ಲಿಟ್ಟು ಮಾಳಿಗೆಯ ಮೇಲೆ ಎಸೆಯುತ್ತಾರೆ. ಇವಳು ಒಗೆಯಲಿಲ್ಲ. "ಡಾಕ್ಟರಬಾಯಿಗೆ ತೋರಿಸಿ ಆಮ್ಯಾಲ ಒಗೀತೀನಿ" ಎಂದು ಹಟ. ಅವರಿಲ್ಲ ಎಂದು ಅಜ್ಜಿ ಬಸ್ಸಿನಲ್ಲಿ ಹೇಳಿದ್ದಾರೆ. ಬಾಗಿಲಲ್ಲಿ ನನ್ನನ್ನು ಕಂಡು, ಹಲ್ಲು ಮುಷ್ಟಿಯಲ್ಲಿ ಹಿಡಿದೇ ಕೇಳಿದಳು —

"ಹಂಗಾರ ಇನ್ನ ಯಾರಿಗೆ ತೋರಸ್ಲಿ?"

ನನಗೆ ತೋರಿಸು ಎಂದೆ. ಬೆಳಕಿನ ಕಡೆ ತಿರುಗಿ ಬಾಯಿ ತೆರೆದಳು. ನೋಡಿದೆ. ಎಲ್ಲಿಯೂ ಹುಳುಕಿಲ್ಲ. ಬಿದ್ದ ಜಾಗದಲ್ಲಿ ಅಕ್ಕಿಯ ತುದಿಯಷ್ಟು ಬೆಳ್ಳಗೆ ಹೊಸದು ಹೊರಟಿದೆ.

ಎಲ್ಲರೂ ದಯವಿಟ್ಟು ಎದ್ದು ನಿಲ್ಲೋಣ. ಒಂದು ನಿಮಿಷ ಮೌನವಾಗಿ ಅವರನ್ನು ನೆನೆಯೋಣ.

ಫಕೀರವ್ವಾ, ನೀನೂ ಎದ್ದು ನಿಂದ್ರವಾ. ಹಲ್ಲು ಕೈಯಾಗ ಇರ್ಲಿ.