ಅಂಗಾಲಿಗೆ ಮುಲಾಮು

...ಸುಮ್ನಿರು ಅಂತ ಕೈ ಆಡಿಸ್ಬ್ಯಾಡ ಪ್ರಮೀಳಾ. ಎಂಗೆ ಸುಮ್ನಿರಲಿ ನಾನು? ಅಷ್ಟು ಜನದ ಮುಂದೆ ನಿನ್ ಬೆರಳು ಎತ್ತಿ ಹಿಡಿದು, ಈವಮ್ಮಂಗೆ ಗೆರೆನೇ ಇಲ್ಲ ಕಣ್ರಪ್ಪ ಅಂದನಂತಲ್ಲ ಆ ಲಿಂಗಣ್ಣ. ಸೊಸೈಟೀಲಿ ರೇಷನ್ ಅಕ್ಕಿ ತೂಗೋನಿಗೆ ಅಷ್ಟು ಬಾಯಾ? ಹೆಬ್ಬೆಟ್ಟಲ್ಲಿ ಗೆರೆ ಇಲ್ದಿದ್ರೆ ಅದು ನಿನ್ ತಪ್ಪಾ? ನಲವತ್ತಾರು ವರ್ಷ ಇದ್ದ ಗೆರೆ. ಕೀಮೋ ಮಾತ್ರೆ ಮೂರನೇ ಸುತ್ತಿಗೆ ಬರೋಷ್ಟ್ರಲ್ಲಿ ತೊಗಲಿನ ಜೊತೆ ಸುಲಿದು ಓದ್ವು.

ಕಾಲು ಇಳಿಸು ಬೇಸನ್ನಿಗೆ. ತಣ್ಣೀರೇ ಕಣಮ್ಮಿ, ಮಡಕೆ ನೀರು. ಅಂಗೇ ಹತ್ತು ನಿಮಿಷ ಮಡಗಿರು.

ನಾನು ಸೊಸೈಟಿಗೇ ಓಗಿ ಕೇಳ್ದೆ ಅವನ್ನ. ಕೇಳ್ದೆ ಅಂದ್ರೆ... ಹೆಬ್ಬೆಟ್ಟು ಒತ್ತೋ ಮಿಷಿನ್ನು ಕಿತ್ತು ಆಚೆಗೆ ಬಿಸಾಕ್ತೀನಿ ಅಂದೆ. ಕರುಳಿನ ಆಪರೇಷನ್ ಆಗ್ಯದೆ, ಮಾತ್ರೆ ನುಂಗ್ತಾವ್ಳೆ, ಆ ಮಾತ್ರೆ ಕಾವಿಗೆ ಅಂಗೈ ಅಂಗಾಲು ಇಂಗಾಗ್ಯದೆ, ಇದು ಅಂಟೋ ಕಾಯಿಲೆ ಅಲ್ಲ ಕಣಯ್ಯ ಅಂದೆ. ಸಾಲಲ್ಲಿದ್ದೋರೆಲ್ಲ ನೆಲ ನೋಡ್ತಾ ನಿಂತ್ಕಂಡ್ರು. ಬೆಳಿಗ್ಗೆ ನಿನ್ ಕೈ ಕಂಡು ಹಿಂದಕ್ಕೆ ಸರಿದೋರು ಅವ್ರೇ ತಾನೆ? ಆಮೇಲೆ ಮೆತ್ತಗಾದ ಲಿಂಗಣ್ಣ. ಬೆರಳು ಬರದಿದ್ರೆ ಕಣ್ಣು ತೋರ್ಸಿದ್ರೂ ಆಯ್ತದಂತೆ. ಕಾರ್ಡಿಂದ ನಿನ್ ಹೆಸರು ಎಲ್ಲೂ ಓಗಲ್ವಂತೆ. ಅದನ್ನ ನಿಂಗೇ ಹೇಳಕ್ಕೆ ಅವನಿಗೇನಾಗಿತ್ತು ದಾಡಿ?

ಯಾಕೆ, ನಗ್ತಿದೀಯಾ? ನಗ್ತಿಲ್ವಾ. ಮತ್ಯಾಕೆ ಮೊಕ ಅತ್ಲಾಗೆ ತಿರುಗಿಸ್ಕಂಡೆ?

ನಿನ್ ಮೇಲೂ ಕ್ವಾಪ ಅದೆ ನಂಗೆ. ನಾನು ಗದ್ದೆಯಿಂದ ಬರೋಗಂಟ ತಡೀಬೋದಾಗಿತ್ತು. ಬೈಕಲ್ಲಿ ಕೂರಿಸ್ಕಂಡು ಓಯ್ತಿದ್ದೆ. ಆ ಬಿಸ್ಲಲ್ಲಿ, ಹಲಗೆ ಅಂಗೆ ಗಟ್ಟಿ ಆಗಿರೋ ಹಳೇ ಹವಾಯ್ ಚಪ್ಪಲೀಲಿ ಸೊಸೈಟಿಗಂಟ ನಡ್ಕೊಂಡು ಓಗಿದೀಯಲ್ಲ, ಕೊಪ್ಪದಿಂದ ತಂದಿದ್ನಲ್ಲ ಮೆತ್ತಗಿರೋ ಚಪ್ಪಲಿ, ಅದೆಲ್ಲಿ? ಬೀರುವಲ್ಲಿ. ಕವರು ಸಮೇತ ಬೀರುವಲ್ಲಿ ಮಡಗಿದೀಯ. ಯಾರ ಮದುವೆಗೆ ಹಾಕ್ಕೊಂಡು ಓಗಕ್ಕೆ? ಆ ಟಿಬೇಟಿನವ್ರ ಅಂಗಡೀಲಿ ಕೂತು ಒಂದೊಂದು ಜೊತೇನೂ ನನ್ ಕೆನ್ನೆಗೆ ಒತ್ತಿ ನೋಡಿ ತಂದೆ. ಅಂಗಡಿಯಮ್ಮ ನನ್ನ ಹುಚ್ಚ ಅನ್ಕಂಡ್ಲು.

ಇನ್ನು ನಮ್ಮವ್ವ. ಅದಕ್ಕೊಂದು ದೊಡ್ಡ ನಮಸ್ಕಾರ. ನಾನು ಅತ್ಲಾಗೆ ಓಗೋದೇ ತಡ, ಬಿಸಿನೀರಿಗೆ ಉಪ್ಪು ಹಾಕಿ ಸೊಸೆ ಕಾಲು ಅದ್ದಿಸ್ತು, ಕಾವಿಗೆ ಕಾವೇ ಮದ್ದು ಅಂತ. ಅದ್ರಿಂದ ಕಣೆ ಬೊಬ್ಬೆ ಎದ್ದಿದ್ದು. ಅವ್ವಂಗೆ ಬೈದೆ, ಎರಡು ದಿನ ಉಣ್ಣಲಿಲ್ಲ. ಆಮೇಲೆ ಬ್ಯಾಗ್ ತಕ್ಕಂಡು ತನ್ ತಂಗಿ ಮನೆಗೆ ಹೊಂಟೋಯ್ತು. ಓಗೋವಾಗ ಏನಂತು ಗೊತ್ತಾ? ಗಂಡ ಅನ್ನಿಸ್ಕಂಡೋನು ಹಾಡುಹಗಲು ಜಗುಲಿ ಮೇಲೆ ಕೂತು ಹೆಂಡ್ತಿ ಕಾಲು ಹಿಡೀತಾನೆ, ಬೀದಿ ಜನ ನೋಡ್ತಾರೆ ಅಂತು. ನೋಡ್ಲಿ. ಬೇಕಾದ್ರೆ ಮಣೆ ಹಾಕ್ತೀನಿ, ಕೂತು ನೋಡ್ಲಿ.

ತಗಿ, ಸಾಕು ನೀರು. ಉಜ್ಜಲ್ಲ, ಎದುರ್ಕಬ್ಯಾಡ. ಟವಲ್ಲು ಮೆತ್ತಗೆ ಒತ್ತುತೀನಿ ಅಷ್ಟೇಯ. ಬೆರಳ ಸಂದೀಲೂ ನೀರು ಇರಬಾರದಂತೆ. ನೋಯ್ತಾ? ಇಲ್ವಾ? ಹುಬ್ಬು ಗಂಟು ಹಾಕ್ಕೊಂಡೆ ಅಂತ ಕೇಳ್ದೆ.

ಒಡೆದಿರೋ ತಾವ ಬರೀ ವ್ಯಾಸಲೀನು. ಅಲ್ಲಿಗೆ ಯೂರಿಯಾ ಮುಲಾಮು ಹಚ್ಚಿದ್ರೆ ಉರೀತದೆ. ಹಿಮ್ಮಡಿಗೆ, ಇಗೋ ಈ ದಪ್ಪ ಇರೋ ತಾವ, ಯೂರಿಯಾದು. ಮೊದಲ್ನೇ ಸಲ ಈ ಟ್ಯೂಬು ತಂದಾಗ ಎಷ್ಟು ನಕ್ಕಿದ್ದೆ ನೀನು. ಮುಲಾಮಲ್ಲಿ ಯೂರಿಯಾ ಅದೆ ಅಂದಿದ್ದಕ್ಕೆ, ನಾನೇನು ಜೋಳದ ಪೈರಾ ಅಂದಿದ್ದೆ. ಆಗ ಬರೀ ಕೆಂಪಗಿತ್ತು, ಗೋರಂಟಿ ಹಚ್ಕೊಂಡಂಗೆ. ಈಗ ನೋಡು... ಬುಡು, ನೋಡ್ಬ್ಯಾಡ. ನಾನು ನೋಡ್ಕೊತೀನಿ. ಕಾಲುಚೀಲ ಹಾಕ್ತೀನಿ ತಡಿ, ಹತ್ತೀದು. ಬಲಗಾಲು ಆಯ್ತು.

ಮುದ್ದೆ ಉಂಡಾಯ್ತಲ್ಲ, ಮಾತ್ರೆ ಹೊತ್ತು ಮೀರ್ತದೆ. ಮೊದ್ಲು ಅದಾಗ್ಲಿ, ಆಮೇಲೆ ಎಡಗಾಲು. ಇಗೋ. ಕೈಲಿ ಹಿಡೀಬ್ಯಾಡ, ನಾನೇ ಬಾಯಿಗೆ ಹಾಕ್ತೀನಿ. ಇವತ್ತಿಗೆ ಹನ್ನೊಂದು ದಿನ ಆಯ್ತು. ಹದಿನಾಲ್ಕು ದಿನ ಮುಗಿದ್ರೆ ಒಂದು ವಾರ ರಜಾ. ಬಾಯಿ ತಗಿ.

ತಗಿಯಮ್ಮಿ.

ಇದೇನಿದು ಹೊಸ ಹಟ? ಮಾತ್ರೆ ನುಂಗಲ್ಲ ಅಂದ್ರೆ ಎಂಗೆ? ಡಾಕ್ಟ್ರು ಒಂದೂ ತಪ್ಪಿಸಬಾರದು ಅಂದವ್ರೆ ಅಂತ ಎಷ್ಟು ಸಲ ಹೇಳೋದು ನಿಂಗೆ? ಮೊನ್ನೆನೂ ಇದೇ ತಕರಾರು. ಎರಡು ದಿನ ಬುಟ್ಟು ನುಂಗ್ತೀನಿ, ಕಾಲು ನೆಲಕ್ಕೆ ಮಡಗಕ್ಕಾಯ್ತಿಲ್ಲ ಅಂತ ಅತ್ಬುಟ್ಟೆ. ಅವತ್ತೂ ನಾನೇ ಬೈದು ನುಂಗಿಸ್ದೆ. ನಿನ್ ಒಳ್ಳೇದಕ್ಕೆ ತಾನೆ ಬೈಯೋದು?

ಯಾಕಂಗೆ ನೋಡ್ತಿದೀಯ?

...ಬೆಳಿಗ್ಗೆ ಸೊಸೈಟಿ ತಾವ ಅನುಶ್ರೀ ಇದ್ಲಂತೆ. ನಮ್ಮೂರ ಆಶಾ ಕಾರ್ಯಕರ್ತೆ. ನಿನ್ ಕೈ ಹಿಡಿದು ನೋಡಿ, ಮನೆಗಂಟ ಬುಟ್ಟು ಓದ್ಲಂತೆ. ಲಿಂಗಣ್ಣ ಹೇಳ್ದ. ಏನಂದ್ಲು ಅವ್ಳು?

ಏನೂ ಅನ್ನಲಿಲ್ವಾ? ಅಷ್ಟು ದೂರ ಜೊತೇಲಿ ಬಂದೋಳು ಏನೂ ಅನ್ನಲಿಲ್ವಾ? ಅವ್ಳಿಗೇನು ಗೊತ್ತು ಕ್ಯಾನ್ಸರ್ ಮಾತ್ರೆ ವಿಚಾರ? ಮಕ್ಕಳಿಗೆ ಪೋಲಿಯೋ ಹಾಕ್ಸೋಳು ಅವ್ಳು. ದೊಡ್ಡ ಡಾಕ್ಟ್ರಾಗ್ಬುಟ್ಲಾ? ನಾಳೆ ಬರ್ಲಿ ಈ ಕಡೆ, ಮನೆ ಮುರಿಯೋ ಕೆಲ್ಸ ಬ್ಯಾಡ ಕಣಮ್ಮ ಅಂತ ನಾನೇ ಹೇಳ್ತೀನಿ...

ಮಾತಾಡು ಪ್ರಮೀಳಾ. ನಾನು ಲಿಂಗಣ್ಣನ ಮೇಲೆ ಕೂಗಾಡ್ತೀನಿ, ಅವ್ವನ ಮೇಲೆ ಕೂಗಾಡ್ತೀನಿ, ನೀನು ಇಂಗೇ ನನ್ ಮೊಕಾನೇ ನೋಡ್ತಾ ಕೂತಿದೀಯ. ಬೈಬೇಕು ಅಂದ್ರೆ ಬೈದ್ಬುಡು.

ಸರಿ.

ಸರಿ ಕಣಮ್ಮಿ. ಫೋನು ಬಂದಿತ್ತು.

ಹೋದ ಮಂಗಳವಾರ. ಬೆರಳು ಉರೀತದೆ ಅಂತ ನಿನ್ ಫೋನೂ ನನ್ ಜೇಬಲ್ಲೇ ಇತ್ತಲ್ಲ. ಮೈಸೂರು ಆಸ್ಪತ್ರೆಯಿಂದ ಸಂಘಮಿತ್ರ ಸಿಸ್ಟರು ಮಾಡಿದ್ರು. ಕೈಕಾಲು ಎಂಗವೆ, ಬೊಬ್ಬೆ ಎದ್ದಾವಾ, ನಡೀತಾರಾ, ಲೋಟ ಹಿಡೀತಾರಾ ಅಂತ ಒಂದೊಂದೇ ಕೇಳಿದ್ರು. ನೀನು ಇಲ್ಲೇ, ಈ ಕಂಬಕ್ಕೆ ಒರಗಿ, ತಣ್ಣೀರಲ್ಲಿ ಕೈ ಅದ್ದಿ ಕೂತಿದ್ದೆ. ನಾನು ಹಿತ್ಲಿಗೆ ಓಗಿ, ಚೆನ್ನಾಗವ್ಳೆ ಸಿಸ್ಟರ್, ಒಂಚೂರು ಕೆಂಪಗದೆ ಅಷ್ಟೇಯ, ಅಂದೆ.

ಅಷ್ಟೇ ಅಲ್ಲ. ಮೊದಲ್ನೇ ಸಲ ಮಾತ್ರೆ ಕೊಟ್ಟಾಗ್ಲೇ ಹೇಳಿದ್ರು ಅವ್ರು. ನೀನು ರಕ್ತ ಕೊಡಕ್ಕೆ ಒಳಗೋಗಿದ್ದೆ. ಕೆಂಪಾದ್ರೆ ಮುಲಾಮು ಸಾಕು, ನೋವು ಬಂದು ಬೊಬ್ಬೆ ಎದ್ರೆ ಮಾತ್ರೆ ನಿಲ್ಸಿ, ಆವತ್ತೇ ನಂಗೆ ಫೋನ್ ಮಾಡಿ ಅಂದ್ರು. ಗಾಯ ಮಾಯೋಗಂಟ ತಡೆದು ಡಾಕ್ಟ್ರು ಕಮ್ಮಿ ಮಾಡಿ ಕೊಡ್ತಾರೆ, ಅದ್ರಿಂದ ಕಾಯಿಲೆ ತಿರುಗಿ ಬಂದ್ಬುಡ್ತದೆ ಅಂತ ಎದುರ್ಕಬ್ಯಾಡಿ ಅಂದ್ರು. ಚೀಟೀಲೂ ಬರ್ಕೊಟ್ರು. ಆ ಚೀಟಿ ನಾನು ನಿಂಗೆ ತೋರ್ಸಲಿಲ್ಲ. ಒಂದೂ ತಪ್ಪಿಸಬಾರದು ಅಂತ ಹೇಳಿದ್ದು ಯಾವ ಡಾಕ್ಟ್ರೂ ಅಲ್ಲ. ನಾನೇ.

ಅವ್ವ ಬಿಸಿನೀರು ಹಾಕಿದ್ದು ಗುರುವಾರ. ಬೊಬ್ಬೆ ಅದಕ್ಕೂ ಮುಂಚೆ, ಭಾನುವಾರದಿಂದ್ಲೇ ಇದ್ವು. ಅದೂ ಗೊತ್ತು ನಂಗೆ. ಅವ್ವನ ತಲೆಗೆ ಕಟ್ದೆ.

ಕೆ.ಆರ್. ನಗರಕ್ಕೆ ಕೊಟ್ಟಿದ್ದ ನಮ್ಮಕ್ಕ ನೆನಪದಾ ನಿಂಗೆ? ಅವ್ಳಿಗೂ ಕ್ಯಾನ್ಸರೇ, ಸುಸ್ತಾಯ್ತದೆ, ನಂಗಾಗಲ್ಲ ಅಂತ ಕೀಮೋ ಅರ್ಧಕ್ಕೇ ಬುಟ್ಟು ಬಂದ್ಲು. ಯಾರ್ನೂ ಕೇಳಲಿಲ್ಲ. ಆಸ್ಪತ್ರೆ ಕಡೆ ತಿರುಗಿ ನೋಡಲಿಲ್ಲ. ಆರು ತಿಂಗಳು ಕಣೆ. ಆರೇ ತಿಂಗಳು. ಕೊನೇಲಿ ಅವಳನ್ನ ಹೊತ್ತವನು ನಾನು, ಹುಲ್ಲಿನ ಹೊರೆ ಅಂಗಿದ್ಲು. ಸಿಸ್ಟರು ನಿಲ್ಸಿ ಅಂದಾಗ ಆ ಭಾರ ನನ್ ತೋಳಿಗೆ ಬಂತು. ಅವ್ರು ಆಮೇಲೆ ಏನಂದ್ರೋ ನನ್ ಕಿವಿಗೆ ಸರಿಯಾಗಿ ಬೀಳಲೇ ಇಲ್ಲ. ತೊಗಲು ಓದ್ರೆ ತಿರುಗಿ ಬತ್ತದೆ, ನೀನೇ ಓಗ್ಬುಟ್ರೆ... ಅನ್ಕಂಡೆ. ದಿನಾ ಎರಡು ಹೊತ್ತು ನಿನ್ ಕಾಲಿಗೆ ಮುಲಾಮು ಹಚ್ಚಿದ್ರೆ ಸರಿಯಾಯ್ತದೆ ಅನ್ಕಂಡೆ.

ಕಾಲು ಯಾಕೆ ಎಳ್ಕಂಡೆ? ಇನ್ನೂ ಎಡಗಾಲಿಗೆ ಹಚ್ಚಿಲ್ಲ. ಎದ್ದೇಳ್ಬ್ಯಾಡ, ಬರಿಗಾಲಲ್ಲಿ ನಿಂತ್ಕಬ್ಯಾಡ ಕಣಮ್ಮಿ, ಕೂತ್ಕೊ. ಏನು ಬೇಕು ಹೇಳು, ನಾನೇ ತಂದ್ಕೊಡ್ತೀನಿ. ಫೋನಾ?

ಮಾಡ್ತೀನಿ. ಈಗ್ಲೇ ಮಾಡ್ತೀನಿ. ಇಲ್ಲೇ, ನಿನ್ ಮುಂದೆನೇ. ಹಿತ್ಲಿಗೆ ಓಗಲ್ಲ.

...ಹಲೋ. ಸಿಸ್ಟರ್, ನಾನು ಪ್ರಮೀಳಾ ಗಂಡ ಕನಕರಾಜು, ರಾವಂದೂರು ಕಡೆಯೋನು. ಹೋದ ವಾರ ನೀವು ಕೇಳ್ದಾಗ ನಾನು ಸುಳ್ಳು ಹೇಳ್ದೆ... ಊಂ. ಬೊಬ್ಬೆ ಅವೆ. ಒಡೆದೂ ಅವೆ... ಇಲ್ಲ, ಲೋಟ ಹಿಡಿಯಕ್ಕಾಗಲ್ಲ... ಇಲ್ಲ ಸಿಸ್ಟರ್, ಅವ್ಳಿಗೆ ಗೊತ್ತಿರಲಿಲ್ಲ, ನಾನು ಹೇಳೇ ಇರಲಿಲ್ಲ... ಈ ಹೊತ್ತಿಂದು ನುಂಗಿಲ್ಲ. ನುಂಗಿಸಲ್ಲ... ನಾಳೆ ಬೆಳಿಗ್ಗೆನೇ ಕರ್ಕಂಡು ಬತ್ತೀನಿ... ಊಂ, ಇಲ್ಲೇ ಅವ್ಳೆ... ಆಯ್ತು. ಕೊಡ್ತೀನಿ.

ತಗ. ನಿನ್ ತಾವನೇ ಮಾತಾಡ್ಬೇಕಂತೆ ಅವ್ರು. ಇನ್ಮೇಲೆ ನನ್ನ ಕೇಳಲ್ವಂತೆ.

ಕೈ ಬ್ಯಾಡ, ನೋಯ್ತದೆ. ನಾನು ಕಿವಿಗೆ ಹಿಡ್ಕಂಡಿರ್ತೀನಿ. ಎಷ್ಟು ನೋಯ್ತದೆ ಅಂತ ನೀನೇ ಹೇಳು.